ತೆಗೆದಷ್ಟೂ ಬರುವ ಹಳೇ ಸಾಫ್ಟ್‌ವೇರ್

ನನಗೆ ಸಿಟ್ಟು ಬೇಗ ಬರುತ್ತದೆ. ತವರಿನಲ್ಲಿ ಹೇಳಿದರು, ಗಂಡನ ಮನೆಯಲ್ಲಿ ಹೇಳಿದರು, ಕೆಲಸ ಕೊಡುವ ಮಾಲಕರೂ ಒಮ್ಮೆ ನಗುತ್ತಲೇ ಹೇಳಿದರು. ಮನುಷ್ಯರ ಮೇಲಿನ ಸಿಟ್ಟಾದರೆ ಬೈದರೆ ಅರ್ಧ ಇಳಿಯುತ್ತದೆ. ಕಂಪ್ಯೂಟರಿನ ಮೇಲಿನ ಸಿಟ್ಟಿಗೆ ಆ ಸುಖವೂ ಇಲ್ಲ. ಬೈದರೆ ಅದಕ್ಕೆ ಕೇಳಿಸುವುದಿಲ್ಲ, ಬಡಿದರೆ ನಮ್ಮ ಕೈಯೇ ನೋಯುತ್ತದೆ. ಆ ವರ್ಷ ನಾನು ಎರಡನ್ನೂ ಮಾಡಿ ನೋಡಿದ್ದೇನೆ.

ರಬಕವಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನಾನು ಸೀರೆಗಳ ದಡಿ, ಅಂದರೆ ಅಂಚು, ಮತ್ತು ಸೆರಗಿನ ಚಿತ್ರ ಬರೆಯುತ್ತೇನೆ. ಹಿಂದೆ ಇದನ್ನು ಚೌಕುಳಿ ಕಾಗದದ ಮೇಲೆ ಬರೆದು, ರಟ್ಟಿಗೆ ತೂತು ಹೊಡೆದು, ಆ ರಟ್ಟಿನ ಮಾಲೆಯನ್ನು ಮಗ್ಗದ ಮೇಲೆ ಏರಿಸುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಬರೆದು ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ಸಾಕು. ಮಗ್ಗದ ತಲೆಯ ಮೇಲಿರುವ ಜಕಾರ್ಡ್ ಯಂತ್ರ ಅದನ್ನು ಓದಿಕೊಂಡು ಯಾವ ಎಳೆ ಎತ್ತಬೇಕೋ ಅದನ್ನು ಎತ್ತುತ್ತದೆ. ನಾನು ಒಂದು ಚೌಕ ತಪ್ಪಿದರೆ ಅಲ್ಲಿ ಒಂದು ಎಳೆ ತಪ್ಪುತ್ತದೆ. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ.

ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಬನಹಟ್ಟಿಯ ಒಬ್ಬ ಮಗ್ಗದ ಮಾಲಕರದು. ನನಗಿಂತ ಇಪ್ಪತ್ತು ವರ್ಷ ಹಿರಿಯರು, ನನ್ನನ್ನು ತಂಗಿ ಎಂದೇ ಕರೆಯುತ್ತಾರೆ. ಅವರು ತಮ್ಮ ಮಗ್ಗಗಳಿಗೆ ಹೊಸ, ದೊಡ್ಡ ಜಕಾರ್ಡ್ ಹಾಕಿಸಿದಾಗ ನನಗೂ ಹೊಸ ಸಾಫ್ಟ್‌ವೇರ್ ಬೇಕಾಯಿತು. ಅದೇ ಕಂಪನಿಯದು, ಅದೇ ಬಣ್ಣ, ಅದೇ ಹಳದಿ ಮಾವಿನಕಾಯಿ ಗುರುತು. ಹೊಸದರ ಮಾವಿನಕಾಯಿಗೆ ಒಂದು ಎಲೆ ಹೆಚ್ಚು, ಅಷ್ಟೇ. ಆದರೆ ಹಳೆಯದಕ್ಕೆ ಸಣ್ಣ ಜಕಾರ್ಡ್ ಬಿಟ್ಟರೆ ಬೇರೆ ಲೋಕ ಗೊತ್ತಿರಲಿಲ್ಲ. ಹೊಸ ಚಿತ್ರವನ್ನು ಅದರಲ್ಲಿ ತೆರೆದು ಸೇವ್ ಮಾಡಿದರೆ, ತನ್ನ ಅಳತೆಗೆ ಹಿಡಿಸದ ಅಂಚನ್ನು ತಣ್ಣಗೆ ಕತ್ತರಿಸಿ ಎಸೆಯುತ್ತಿತ್ತು. ಒಂದು ಮಾತೂ ಹೇಳುತ್ತಿರಲಿಲ್ಲ. ಹಾಗಾಗಿ ಹೊಸದು ಬಂದ ದಿನವೇ ಹಳೆಯದನ್ನು ತೆಗೆದು ಹಾಕಿದೆ. ಗುರುತು ಪರದೆಯಿಂದ ಮಾಯವಾದಾಗ ಇದರ ಕಥೆ ಮುಗಿಯಿತು ಎಂದು ದೊಡ್ಡ ದನಿಯಲ್ಲೇ ಅಂದೆ. ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ತಲೆ ಎತ್ತಿ ನೋಡಿದರು. ನಾನು ಏನೂ ವಿವರಿಸಲಿಲ್ಲ.

ಸ್ವಲ್ಪ ದಿನದ ಮೇಲೆ ನೋಡಿದರೆ ಎಲೆಯಿಲ್ಲದ ಮಾವಿನಕಾಯಿ ತನ್ನ ಹಳೆಯ ಜಾಗದಲ್ಲೇ ಕೂತಿದೆ. ತೆಗೆಯುವಾಗ ನಾನೇ ಎಲ್ಲೋ ತಪ್ಪಿರಬೇಕು ಅಂದುಕೊಂಡು ಮತ್ತೆ ತೆಗೆದೆ. ಮುಂದಿನ ತಿಂಗಳು ಮತ್ತೆ ಬಂತು. ಬರೀ ಬಂದು ಮೂಲೆಯಲ್ಲಿ ಕೂತಿದ್ದರೆ ಕೂತುಕೊಳ್ಳಲಿ ಎಂದು ಬಿಡಬಹುದಿತ್ತು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಬಂದಾಗಲೆಲ್ಲ ನನ್ನ ಚಿತ್ರಗಳನ್ನೆಲ್ಲ ತನ್ನ ವಶಕ್ಕೆ ತೆಗೆದುಕೊಳ್ಳುತ್ತಿತ್ತು. ಯಾವ ಫೈಲ್ ಒತ್ತಿದರೂ ಹಳೆಯದರಲ್ಲೇ ತೆರೆಯುತ್ತಿತ್ತು. ನೋಡಲು ಎರಡೂ ಒಂದೇ ತೆರ. ಕೆಲಸದ ಗಡಿಬಿಡಿಯಲ್ಲಿ ಎಲೆ ಎಣಿಸುತ್ತ ಕೂಡುವವರು ಯಾರು?

ನಾನು ಎಣಿಸಲಿಲ್ಲ. ಅದರ ಫಲವನ್ನು ಮಾಲಕರೇ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದರು. ಮಗ್ಗದಿಂದ ಆಗಷ್ಟೇ ಇಳಿಸಿದ ಸೀರೆ. ದಡಿಯ ಉದ್ದಕ್ಕೂ ಮಾವಿನಕಾಯಿಯ ಸಾಲು ಬರೆದಿದ್ದೆ. ಒಂದೊಂದು ಕಾಯಿಯೂ ನಡುವೆ ಕಡಿದಿಟ್ಟಂತೆ ಅರ್ಧರ್ಧ ಬಂದಿತ್ತು. ನಾಲ್ಕು ಮಗ್ಗಗಳ ಮೇಲೆ ಅದೇ ದಡಿ ಓಡಿತ್ತು. ಅವರು ಕೂಗಾಡಲಿಲ್ಲ. ಸೀರೆಯನ್ನು ನನ್ನ ಕೀಲಿಮಣೆಯ ಮೇಲೆ ಹಾಸಿ, ಚಹಾ ಬೇಡ ಎಂದು ಕೈಸನ್ನೆ ಮಾಡಿ, ಒಂದೇ ಮಾತು ಹೇಳಿದರು.

"ನೋಡ್ ತಂಗಿ, ಇನ್ನೊಮ್ಮೆ ಹಿಂಗಾತಂದ್ರ ನಾ ಇಚಲಕರಂಜಿಯವರ ಕಡೆ ಬರಸ್ತೇನಿ. ಆಮ್ಯಾಲ ನನ್ನ ಮ್ಯಾಲ ಬ್ಯಾಸರಾ ಮಾಡ್ಕೋಬ್ಯಾಡ."

ಹನ್ನೊಂದು ವರ್ಷ ಬೆನ್ನು ಬಗ್ಗಿಸಿ ಕಟ್ಟಿದ ಕೆಲಸ. ನಮ್ಮವರು ಬೀಳಗಿ ಕಡೆಯ ಹಳ್ಳಿಯೊಂದರಲ್ಲಿ ಮಾಸ್ತರು, ಮನೆ ನಡೆಯುವುದಕ್ಕೆ ತೊಂದರೆ ಇರಲಿಲ್ಲ. ಆದರೆ ಬನಹಟ್ಟಿಯ ಪೇಟೆಯಲ್ಲಿ ಹೊರಟರೆ ಎದುರು ಬರುವ ಹೆಂಗಸಿನ ಸೆರಗು ನೋಡಿ ಇದು ನನ್ನ ಕೈಯದು ಅನ್ನುವ ಸುಖ ನನಗೆ ಮಾಸ್ತರರ ಪಗಾರದಿಂದ ಸಿಗುವಂಥದ್ದಲ್ಲ. ಆ ಕೆಲಸ ಹೋದರೆ ನಾನು ಬರೀ ಮಾಸ್ತರರ ಹೆಂಡತಿ. ಹೆದರಿದೆ. ನನಗೆ ಹೆದರಿಕೆಯಾದಾಗಲೂ ಹೊರಗೆ ಬರುವುದು ಸಿಟ್ಟೇ.

ಕಂಪ್ಯೂಟರಿನ ಡಬ್ಬಿಯನ್ನು ಹಳೇ ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಜಮಖಂಡಿಗೆ ಹೋದೆ. ಅಲ್ಲಿ ರಿಪೇರಿಯವನೊಬ್ಬ ಇದ್ದಾನೆ, ಮೆತ್ತಗಿನ ಮನುಷ್ಯ. ಇಡೀ ಮಧ್ಯಾಹ್ನ ಅವನ ಎದುರಿನ ಸ್ಟೂಲಿನ ಮೇಲೆ ಕೂತೆ. ವೈರಸ್ ಹುಡುಕಿದ, ಸಿಗಲಿಲ್ಲ. ಹಳೆಯದರ ಬೇರು ಎಲ್ಲೆಲ್ಲಿ ಉಳಿದಿತ್ತೋ ಎಲ್ಲ ಕಿತ್ತ. ಇನ್ನು ಬಂದರೆ ನನ್ನ ಹೆಸರು ಹಿಡಿದು ಕರೆಯಬೇಡಿ ಅಂದ. ಮೂರು ವಾರ ಬರಲಿಲ್ಲ. ನಾನು ಕಂಡವರಿಗೆಲ್ಲ ಅವನ ಗುಣಗಾನ ಮಾಡಿದೆ. ನಾಲ್ಕನೇ ವಾರ ಬಂತು.

ಫೋನಿನಲ್ಲಿ ಅವನಿಗೆ ಬಾಯಿಗೆ ಬಂದಂತೆ ಅಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೇನೆ ಎಂದು ಆಗ ತಿಳಿಯಲಿಲ್ಲ. ಅವನು ಕೇಳುವಷ್ಟು ಕೇಳಿ, ತಣ್ಣಗೆ ಅಂದ:

"ಅಕ್ಕಾರ, ಬಿಟ್ಟ ಬಂದಷ್ಟೂ ತಿರುಗಿ ಬರಾಕ ಅದೇನ ಬೆಕ್ಕಲ್ರಿ. ಮನ್ಯಾಗ ಯಾರೋ ಹಾಕಾಕತ್ತಾರ."

ಇದು ನನ್ನನ್ನು ಇನ್ನಷ್ಟು ಉರಿಸಿತು. ಮನೆಯಲ್ಲಿ ಇರುವವರು ಮೂವರು. ನಮ್ಮವರಿಗೆ ಮೊಬೈಲು ಬಿಟ್ಟರೆ ಬೇರೆ ಯಂತ್ರ ಬೇಡ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಹೆಬ್ಬೆಟ್ಟು ಒತ್ತುವವರು. ಆದರೂ ನಮ್ಮವರ ಮೇಲೆ ಸಂಶಯ ಪಟ್ಟೆ. ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡಲು ಹೋಗಿ ನೀವೇ ಏನೋ ಒತ್ತಿದ್ದೀರಿ ಎಂದು ಎರಡು ದಿನ ಜಗಳ ತೆಗೆದೆ. ಅವರು ಅದರ ಗುಂಡಿ ಎಲ್ಲಿದೆ ಎನ್ನುವುದೇ ತಮಗೆ ಗೊತ್ತಿಲ್ಲ ಎಂದು ದೇವರ ಮೇಲೆ ಆಣೆ ಮಾಡಿದರು. ಕೊನೆಗೆ ಪಾಸ್‌ವರ್ಡ್ ಹಾಕಿ, ಯಾರಿಗೂ ಹೇಳದೆ ನನ್ನ ತಲೆಯಲ್ಲೇ ಇಟ್ಟುಕೊಂಡೆ.

ಇಲ್ಲಿ ನಮ್ಮ ಅಮಾವಾಸ್ಯೆಯ ಸಂಗತಿ ಹೇಳಬೇಕು. ನಮ್ಮ ಕಡೆ ಅಮಾವಾಸ್ಯೆಯಂದು ಮಗ್ಗಕ್ಕೆ ರಜೆ. ದಿನವೆಲ್ಲ ಖಟಖಟ ಅನ್ನುವ ಓಣಿಗಳು ಅವತ್ತು ಬಾಯಿ ಮುಚ್ಚಿರುತ್ತವೆ. ಮಗ್ಗ ಒರೆಸಿ, ಎಣ್ಣೆ ಬಿಟ್ಟು, ವಿಭೂತಿ ಹಚ್ಚಿ ಪೂಜೆ ಮಾಡುತ್ತಾರೆ. ನಮ್ಮ ಮನೆಯ ಕಟ್ಟುಪಾಡು ಇನ್ನೂ ಒಂದು ಹೆಜ್ಜೆ ಮುಂದೆ: ಸತ್ತಂತೆ ನಿಂತ ಮಗ್ಗಕ್ಕೆ ಪೂಜೆ ಸಲ್ಲದು, ನಾಲ್ಕು ಎಳೆಯಾದರೂ ನೇಯ್ದು ಆಮೇಲೆ ಊದುಬತ್ತಿ ಹಚ್ಚಬೇಕು. ನಮ್ಮ ಮನೆಯಲ್ಲಿ ಈಗ ಮಗ್ಗವಿಲ್ಲ, ಕಂಪ್ಯೂಟರಿದೆ. ಅದಕ್ಕೂ ಅದೇ ಕಟ್ಟು. ಅಮಾವಾಸ್ಯೆ ಬೆಳಿಗ್ಗೆ ನಾನು ಅದನ್ನು ಚಾಲೂ ಮಾಡಿ, ಪಾಸ್‌ವರ್ಡ್ ಹಾಕಿ, ಪರದೆ ಬೆಳಗುವಂತೆ ಬಿಟ್ಟು, ಗಲಗಲಿಯ ತವರಿಗೆ ಹೊರಡುತ್ತಿದ್ದೆ. ತಿಂಗಳಿಗೆ ಅದೊಂದೇ ದಿನ ಅವ್ವನನ್ನು ನೋಡುವುದು. ಪೂಜೆ ಅತ್ತೆಯದು. ಸಂಜೆ ನಾನು ಬರುವಷ್ಟರಲ್ಲಿ ಪರದೆಯ ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ ಇರುತ್ತಿತ್ತು. ಯಂತ್ರದೊಳಗೆ ಧೂಳು ಹೋಗುತ್ತದೆ ಎಂದು ಗೊಣಗುತ್ತ ಒರೆಸುತ್ತಿದ್ದೆ.

ಎಲ್ಲ ಕಣ್ಣ ಮುಂದೆಯೇ ಇತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಜಮಖಂಡಿಯವರೆಗೂ ಹೋಗಿ ಹುಡುಕಿದ್ದೆ.

ಅಂಥದೇ ಒಂದು ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಮಾಲಕರ ಫೋನು ಬಂತು. ಸೆರಗಿನ ಚಿತ್ರದಲ್ಲಿ ಒಂದು ಬಣ್ಣ ಬದಲಿಸಬೇಕು, ಆಳು ಬಾಗಿಲಿಗೇ ಬರುತ್ತಿದ್ದಾನೆ, ಬೇಗ. ಪಾಸ್‌ವರ್ಡ್ ಇದೆಯಲ್ಲ ಎಂಬ ಧೈರ್ಯ ನನಗೆ. ಫೈಲ್ ಒತ್ತಿದೆ, ತೆರೆಯಿತು, ಬಣ್ಣ ಬದಲಿಸಿದೆ, ಸೇವ್ ಮಾಡಿದೆ, ಪೆನ್‌ಡ್ರೈವ್ ಕೊಟ್ಟು ಕಳಿಸಿದೆ. ಒಲೆಯ ಮೇಲಿನ ಸಾರು ಕುದಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಾರನೆಯ ದಿನ ಮತ್ತೆ ಫೋನು. ಈ ಸಲ ಅವರು ಕೂಗಾಡಿದರು. ಸೆರಗಿನ ಒಂದು ಮಗ್ಗುಲು ಪೂರಾ ಹೋಗಿತ್ತು. ಮದುವೆಯ ಹಂಗಾಮು, ವ್ಯಾಪಾರಿ ಎದುರಿಗೇ ಕೂತಿದ್ದನಂತೆ. ಕಣ್ಣು ಎಲ್ಲಿಟ್ಟು ಬರೆಯುತ್ತೀ ಎಂದು ಕೇಳಿದರು. ಇನ್ನು ಮುಂದೆ ಚಿತ್ರ ಕಳಿಸಬೇಡ ಎಂದು ಹೇಳಿ ಇಟ್ಟುಬಿಟ್ಟರು. ಕೈಗೆ ಬಂದ ತುತ್ತು ಅನ್ನುತ್ತಾರಲ್ಲ, ಇದು ಬಾಯಲ್ಲಿದ್ದ ತುತ್ತು.

ಪಡಸಾಲೆಗೆ ಬಂದು ಪರದೆ ನೋಡಿದೆ. ಎಲೆಯಿಲ್ಲದ ಮಾವಿನಕಾಯಿ ಕೂತಿತ್ತು. ಮೇಜಿಗೆ ಗುದ್ದಿದೆ. ಅದನ್ನು ಮತ್ತೆ ತೆಗೆಯುತ್ತ, ಅದಕ್ಕೂ, ಜಮಖಂಡಿಯವನಿಗೂ, ನಮ್ಮವರಿಗೂ ಸೇರಿಸಿ ಬೈಯುತ್ತಿದ್ದೆ. ಯಾವ ದೆವ್ವ ಬಂದು ಹಾಕುತ್ತದೋ ಇದನ್ನು ಎಂದು ಅರಚಿದೆ. ಅಡುಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು.

"ದೆವ್ವ ಅಲ್ಲ ಯವ್ವಾ, ನಾನ ಹಾಕೇನಿ" ಅಂದರು. "ಅಮಾಸಿಗೊಮ್ಮೆ ನಾನ ಹಾಕ್ತೇನಿ. ನೀ ಕೇಳಲೇ ಇಲ್ಲಲ್ಲ."

ನಾನು ನಂಬಲಿಲ್ಲ. ನಗು ಬಂತು, ಕೆಟ್ಟ ನಗು. ಹಾಗಾದರೆ ಹಾಕಿ ತೋರಿಸಿ ಅಂದೆ.

ಅತ್ತೆ ದೇವರ ಜಗಲಿಯ ಹತ್ತಿರ ಹೋದರು. ಫೋಟೊದ ಹಿಂದೆ ಕೈ ಹಾಕಿ, ಕುಬಸದ ಬಟ್ಟೆಯ ತುಂಡಿನಲ್ಲಿ ಸುತ್ತಿದ್ದ ಒಂದು ಸಿಡಿ ತೆಗೆದರು. ಹನ್ನೊಂದು ವರ್ಷದ ಹಿಂದೆ ಕಂಪ್ಯೂಟರ್ ಬಂದ ದಿನ ದೇವರ ಮುಂದೆ ಇಟ್ಟು ಪೂಜೆ ಮಾಡಿದ್ದ ಸಿಡಿ. ಎಂದೋ ಕಳೆದುಹೋಯಿತು ಎಂದು ನಾನು ಮರೆತೇಬಿಟ್ಟಿದ್ದೆ. ಅವರು ಖುರ್ಚಿಯ ತುದಿಯ ಮೇಲೆ ಕೂತು, ತೋರುಬೆರಳಿನಿಂದ ಗುಂಡಿ ಒತ್ತಿ ಸಿಡಿಯ ತಟ್ಟೆ ಹೊರಗೆ ಬರಿಸಿ, ಸಿಡಿ ಇಟ್ಟು ಒಳಗೆ ತಳ್ಳಿದರು. ಪರದೆಯ ಮೇಲೆ ಚೌಕಟ್ಟು ಬಂತು. ಅದರಲ್ಲಿದ್ದ ಒಂದಕ್ಷರವೂ ಅವರಿಗೆ ಬಾರದು. ಬಲಗಡೆ ಕೆಳಗಿನ ಗುಂಡಿಯ ಮೇಲೆ ಬಾಣದ ಗುರುತು ತಂದು, ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ಒತ್ತಿದರು. ಹಸಿರು ಪಟ್ಟಿ ತುಂಬುವವರೆಗೆ ಕೈ ಮಡಿಲಲ್ಲಿಟ್ಟುಕೊಂಡು ಕಾದರು. ಆಮೇಲೆ ಇನ್ನೊಂದು ಸಲ ಒತ್ತಿದರು. ಈಗಷ್ಟೇ ನಾನು ತೆಗೆದಿದ್ದ ಮಾವಿನಕಾಯಿ ನನ್ನ ಕಣ್ಣೆದುರಿಗೇ ತನ್ನ ಜಾಗಕ್ಕೆ ಬಂದು ಕೂತಿತು. ಕಂಪನಿಯವನು ಮೊದಲ ಸಲ ಹಾಕುವಾಗಲೂ, ಆಮೇಲೆ ಕಂಪ್ಯೂಟರ್ ಕೆಟ್ಟಾಗ ನಾನೇ ಎರಡು ಸಲ ಹಾಕುವಾಗಲೂ ಅವರು ಪಕ್ಕದಲ್ಲೇ ಕೂತು ನೋಡಿದ್ದರಂತೆ.

ಯಾಕೆ ಎಂದು ಕೇಳಿದೆ.

"ಇದ ಜಾಗಾದಾಗ ನಮ್ಮ ಮಗ್ಗ ಇತ್ತು" ಅಂದರು. "ಕಿತ್ತಾಗ ಒಂದ ಲಾಳಿ ಸೈತ ಉಳಸಲಿಲ್ಲ. ಆಮ್ಯಾಲ ಹದಿನಾಕ ವರ್ಷ ಈ ಮನ್ಯಾಗ ಮಗ್ಗದ ಕೆಲಸ ಇರಲಿಲ್ಲ. ನೀ ಬಂದ ಮ್ಯಾಲ ಬಂತು. ಅಂಥಾದ್ದನ್ನ ನೀ ಕಥಿ ಮುಗೀತು ಅಂತ ತಗದಿ. ನನ್ನ ಎದಿ ಧಸಕ್ ಅಂತು."

ನೇಕಾರರ ಮನೆಗಳಲ್ಲಿ ಹಳೆಯ ಮಗ್ಗ ತೆಗೆದು ಹೊಸದು ಹೂಡಿದರೆ, ಹಳೆಯದರ ಲಾಳಿಯನ್ನೋ ಒಂದು ಕಟ್ಟಿಗೆ ತುಂಡನ್ನೋ ಹೊಸದಕ್ಕೆ ಕಟ್ಟುವುದನ್ನು ನಾನೂ ನೋಡಿದ್ದೇನೆ. ಹಳೆಯದರ ಕೈ ಬಿಟ್ಟರೆ ಕೆಲಸ ಮನೆ ಬಿಡುತ್ತದೆ ಎಂದು ನಂಬಿಕೆ. ಅತ್ತೆ ಮಾಡಿದ್ದು ಅದನ್ನೇ. ಕೆಲಸ ಮತ್ತೆ ಮನೆ ಬಿಡುತ್ತದೆ ಎಂದು ಹೆದರಿ, ನನ್ನಿಂದ ಮುಚ್ಚಿಡಬೇಕೆಂದಲ್ಲ, ನನಗಾಗಿಯೇ, ತಿಂಗಳು ತಿಂಗಳೂ ಹಳೆಯದನ್ನು ಹೊಸದಕ್ಕೆ ಕಟ್ಟಿದ್ದರು.

ಇದೆಲ್ಲ ಈಗ ಬರೆಯುವಾಗ ಸರಾಗವಾಗಿ ತಿಳಿಯುತ್ತದೆ. ಆವತ್ತು ನನ್ನ ಕಿವಿಯಲ್ಲಿ ಮಾಲಕರ ಮಾತು ಇನ್ನೂ ಬಿಸಿಯಾಗಿತ್ತು. ನನ್ನ ಬಾಯಿಂದ ಬಂದದ್ದು ಇದು:

"ನಾಕ ಅಕ್ಷರ ಬರದವ್ರಿಗೆ ಇದರ ಉಸಾಬರಿ ಯಾಕ ಬೇಕಿತ್ರಿ? ನನ್ನ ಕೆಲಸಾ ಕೊಂದ್ರಿ ನೀವು. ನಿಮ್ಮ ಮಗ್ಗ ಹೋತಂತ ನಂದೂ ಹೋಗಬೇಕಿತ್ತೇನ್ರಿ?"

ಅಷ್ಟಕ್ಕೆ ನಿಲ್ಲಿಸಲಿಲ್ಲ. ಸಿಡಿ ಹೊರಗೆ ತೆಗೆದು ಅವರ ಎದುರಿಗೇ ಎರಡು ತುಂಡು ಮಾಡಿದೆ. ಅತ್ತೆ ಬಗ್ಗಿ ತುಂಡುಗಳನ್ನು ಆರಿಸಿಕೊಂಡು, ಬಟ್ಟೆಯನ್ನು ಮಡಿಸಿಕೊಂಡು ಒಳಗೆ ಹೋದರು. ನಾನು ಹಳೆಯದನ್ನು ಇನ್ನೊಮ್ಮೆ ತೆಗೆದೆ.

ಆಮೇಲಿನ ಎರಡು ದಿನ ಅತ್ತೆ ರೊಟ್ಟಿ ಬಡಿದರು, ಬಡಿಸಿದರು, ಜೋಳ ಹಸನು ಮಾಡಲು ಮಾತ್ರ ಪಡಸಾಲೆಗೆ ಬರಲಿಲ್ಲ. ನಾನು ಕೆಲಸವಿಲ್ಲದ ಕಂಪ್ಯೂಟರಿನ ಮುಂದೆ ಕೂತು ಹಳೆಯ ಚಿತ್ರಗಳನ್ನು ತೆರೆದು ಮುಚ್ಚುತ್ತಿದ್ದೆ. ಎಲ್ಲವೂ ಹೊಸದರಲ್ಲೇ ತೆರೆಯುತ್ತಿದ್ದವು. ಇಷ್ಟು ತಿಂಗಳು ಬೇಡಿದ್ದು ಇದನ್ನೇ. ಸಂತೋಷವಾಗಬೇಕಿತ್ತು, ಆಗಲಿಲ್ಲ. ಕೇಳದೆ ಮುಟ್ಟಿದ್ದು ಅವರ ತಪ್ಪು ಅಲ್ಲವೇ ಎಂದು ನನಗೆ ನಾನೇ ವಾದ ಮಾಡಿಕೊಂಡು ಗೆಲ್ಲುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ ಮಾಲಕರ ಫೋನು ಬಂತು. ಇನ್ನೇನು ಬೈಗುಳ ಉಳಿದಿದೆ ಎಂದುಕೊಂಡೇ ಎತ್ತಿದೆ. ಅವರ ದನಿ ಇಳಿದಿತ್ತು. ಬೆಳಿಗ್ಗೆ ಅತ್ತೆ ಅವರ ಮಗ್ಗದ ಖೋಲಿಗೆ ಹೋಗಿದ್ದರಂತೆ. ಗುಡಿಗೆ ಹೋಗಿ ಬರುತ್ತೇನೆ ಎಂದು ನನಗೆ ಹೇಳಿ ಹೋದವರು, ರಬಕವಿಯಿಂದ ಬನಹಟ್ಟಿಗೆ ಬಿಸಿಲಲ್ಲಿ ನಡೆದೇ ಹೋಗಿದ್ದರು. ತಮ್ಮ ಮಗ್ಗ ಹೋದ ಮೇಲೆ ಬೇರೆಯವರ ಮಗ್ಗದ ಮನೆಯ ಹೊಸ್ತಿಲು ತುಳಿಯದ ಹೆಂಗಸು ಅವರು. ಸದ್ದಿನಲ್ಲಿ ಅವರ ಮಾತು ಯಾರಿಗೂ ಕೇಳಿಸಲಿಲ್ಲವಂತೆ. ಬಾಗಿಲಲ್ಲೇ ಸೆರಗು ಹೊದ್ದು ನಿಂತಿದ್ದರಂತೆ, ಮಾಲಕರು ನೋಡಿ ಮಗ್ಗಗಳನ್ನೆಲ್ಲ ನಿಲ್ಲಿಸುವವರೆಗೆ. ಆಮೇಲೆ, ನೇಯುವವರೆಲ್ಲ ಕೇಳುತ್ತಿರುವಾಗ, ಸಿಡಿಯ ಎರಡು ತುಂಡು ತೆಗೆದು ತೋರಿಸಿ ಹೇಳಿದರಂತೆ: ತಪ್ಪು ನನ್ನ ಕೈಯಿಂದ ಆಗಿದೆ, ಆಕೆಯ ಕೈಯಿಂದಲ್ಲ, ನನಗೆ ಅಕ್ಷರ ಬಾರದು, ಆಕೆ ಬರೆದದ್ದರಲ್ಲಿ ಒಂದೆಳೆ ತಪ್ಪಿಲ್ಲ.

ಸೋಮವಾರದಿಂದ ದಡಿಯ ಕೆಲಸ ಕಳಿಸುತ್ತೇನೆ, ಸೆರಗನ್ನು ಮಾತ್ರ ಈ ಹಂಗಾಮಿಗೆ ಬೇರೆಯವರಿಗೆ ಕೊಟ್ಟಾಗಿದೆ ಎಂದು ಮಾಲಕರು ಹೇಳಿದರು. ಅತ್ತೆ ಅಷ್ಟೊತ್ತಿಗೆ ಮನೆಗೆ ಬಂದು, ಕಾಲು ತೊಳೆದು, ಒಳಗೆ ಒಲೆ ಹೊತ್ತಿಸುತ್ತಿದ್ದರು. ಫೋನು ಇಡುವ ಮುಂಚೆ ಮಾಲಕರು ಇನ್ನೊಂದು ಮಾತು ಸೇರಿಸಿದರು.

"ನಿನಗರ ಅವತ್ತ ಅಷ್ಟ ಬೈದೆ ತಂಗಿ" ಅಂದರು. "ಅವರು ಹಂಗ ಬಂದ ನಿಂತಾಗ ಬೈಯಾಕ ನನಗ ಬಾಯಿನ ಬರಲಿಲ್ಲ ನೋಡ."

ನನಗೆ ಬಂದಿತ್ತು.